ಪಕ್ಕದ ಮನೆ ಇಂಜಿನಿಯರನ ಬಿಳಿ ಅಂಗಿ

ಸ್ವಲ್ಪ ಹತ್ತಿರ ಬನ್ನಿ. ಇದನ್ನ ಜೋರಾಗಿ ಓದಬೇಡಿ, ನಮಗೂ ಪಕ್ಕದ ಮನೆಗೂ ನಡುವೆ ಇರೋದು ಒಂದೇ ಗೋಡೆ. ಯಾರಿಗೂ ಹೇಳಲ್ಲ ಅಂತ ಆಣೆ ಇಟ್ಟರೆ ಮಾತ್ರ ಮುಂದಕ್ಕೆ ಓದಿ. ನಾನಾಗಿ ಯಾರ ಸುದ್ದಿಗೂ ಹೋಗೋಳಲ್ಲ. ಭದ್ರಾವತಿ ಓಲ್ಡ್ ಟೌನಿನ ಸುದ್ದಿಗಳೇ ನಮ್ಮ ಜಗಲಿಗೆ ಬಂದು, ಕೂತು, ನೀರು ಕುಡಿದು ಹೋಗ್ತಾವೆ. ನಾನೇನು ಮಾಡಲಿ.

ಅಂಗಿ ಬೆಳ್ಳಗಾಗಿದ್ದು

ಪಕ್ಕದ ಮನೆಯಾತ ಮಾಚೇನಹಳ್ಳಿಯ ಎರಕದ ಕಾರ್ಖಾನೇಲಿ ಇಂಜಿನಿಯರು. ಕಬ್ಬಿಣ ಕರಗಿಸಿ ಅಚ್ಚಿಗೆ ಹೊಯ್ಯೋ ಜಾಗ ಅದು. ಅವನ ಅಂಗಿ ಒಗೆದ ನೀರು ನಮ್ಮ ಬಾಗಿಲ ಮುಂದೇ ಹರಿಯೋದು, ಯಾವಾಗಲೂ ಮಸಿ ಬಣ್ಣ. ಇದ್ದಕ್ಕಿದ್ದಂಗೆ ನೀರು ತಿಳಿಯಾಯ್ತು. ಆತ ಮಾತ್ರ ಹೆಲ್ಮೆಟ್ಟು, ಟಿಫನ್ ಬಾಕ್ಸು ಹಿಡ್ಕೊಂಡು ಅದೇ ಬಸ್ಸಿಗೆ ಹೋಗ್ತಾನೆ. ಗಂಡಸಿನ ಅಂಗಿ ಕಾರಣ ಇಲ್ಲದೆ ಬೆಳ್ಳಗಾಗಲ್ಲ. ಯಾರಿಗೂ ಹೇಳಬೇಡಿ ಅಂತ ಓಣಿಗೆಲ್ಲ ಹೇಳಿ ಬಂದೆ.

ಕಣ್ಣು ತೋರಿಸೋಕೆ ಶಿವಮೊಗ್ಗಕ್ಕೆ ಹೋದಾಗ ಸಾಕ್ಷೀನೂ ಸಿಕ್ತು. ಆಸ್ಪತ್ರೆ ಎದುರಿನ ಮಹಡಿ ಕಿಟಕೀಲಿ ಈತ ಕೂತಿದಾನೆ, ಪಕ್ಕದಲ್ಲೇ ಜೀನ್ಸಿನ ಹುಡುಗಿ. ಕಣ್ಣಿಗೆ ಔಷಧಿ ಬಿಡೋ ಮೊದಲು ನೋಡಿದ್ದು, ಸುಳ್ಳಲ್ಲ. ಬಸ್ಸಿಳಿದೋಳು ಸೀದಾ ಅವನ ಹೆಂಡತಿ ಹತ್ತಿರ ಹೋದೆ. ಅವಳು ಬ್ಲೌಸ್ ಹೊಲಿಯೋಳು. ಎಲ್ಲ ಕೇಳಿದಳು, ಮೆಷಿನ್ ಮಾತ್ರ ನಿಲ್ಲಿಸಲಿಲ್ಲ.

ಕಾರ್ಖಾನೆಗೆ ಆರ್ಡರ್ ಕಮ್ಮಿಯಾಗಿ ಗಂಡ ಕೆಲಸ ಬಿಟ್ಟಿದಾನಂತೆ. ಶಿವಮೊಗ್ಗದ ಆ ಮಹಡೀಲಿ ಸಾಫ್ಟ್‌ವೇರ್ ಕಲೀತಿದಾನಂತೆ. ಹೆಲ್ಮೆಟ್ಟು ಓಣಿಯವರ ಕಣ್ಣಿಗಂತೆ. ಇವನು ಕಾರ್ಖಾನೆ ಇಂಜಿನಿಯರು ಅಂತ ನೋಡೇ ಅವಳ ಅಪ್ಪ ಹೆಣ್ಣು ಕೊಟ್ಟೋರು. ಹೊಸ ಕೆಲಸ ಸಿಗೋ ಮೊದಲೇ ಗೊತ್ತಾದ್ರೆ ಮಗಳನ್ನ ಕರ್ಕೊಂಡು ಹೋಗಿಬಿಡ್ತಾರೆ, ಅವಳು ಹೋದ್ರೆ ಇವನು ಕಲಿಯೋದನ್ನೇ ಬಿಡ್ತಾನೆ. ಅಪ್ಪನ ಕಿವಿಗೆ ಮಾತ್ರ ಬೀಳಬಾರದು ಅಂತ ನನ್ನ ಕೈ ಹಿಡ್ಕೊಂಡಳು.

ಸರಿ, ಆ ಹುಡುಗಿ ಯಾರು ಅಂದೆ.

"ಅವರಿಗೆ ಪಾಠ ಹೇಳೋ ಮೇಡಮ್ಮು, ಅಜ್ಜಿ. ದಿನಾ ಬೈತಾಳಂತೆ. ಪುಣ್ಯಾತ್ಗಿತ್ತಿ, ನನಗೆ ಒಂದು ಕೆಲಸ ಉಳೀತು."

ದೂರ ನಿಲ್ಲಿ

ಇನ್ನೊಂದು ದಿನ ಮಜ್ಜಿಗೆಹುಳಿ ಕೊಡೋ ನೆಪದಲ್ಲಿ ಒಳಗೆ ಹೋದೆ. ಆತ ಲ್ಯಾಪ್‌ಟಾಪ್ ಮುಂದೆ ಕೂತು ಕೈ ಅಡ್ಡ ಚಾಚಿ, ಎಲ್ಲರೂ ಗೋಡೆ ಕಡೆ ಸರೀರಿ ಅಂದ. ನಾನು ಪಾತ್ರೆ ಸಮೇತ ಗೋಡೆಗೆ ಅಂಟಿಕೊಂಡೆ. ಅವನು ಒಂದು ಗುಂಡಿ ಒತ್ತಿ ಮುಖ ಹಿಂದಕ್ಕೆ ತಗೊಂಡ. ಏನೂ ಆಗಲಿಲ್ಲ, ಕೆಂಪು ಅಕ್ಷರ ಬಂತು ಅಷ್ಟೇ.

ಕಾದ ಕಬ್ಬಿಣ ಹೊಯ್ಯೋ ಮುಂಚೆ ಜನರನ್ನ ದೂರ ಕಳಿಸಿ ಅಭ್ಯಾಸ, ಪಾಪ. ಅವನ ಹೆಂಡತಿ ಮತ್ತೆ ಒತ್ತಿ ಅಂತ ಹೇಳಿ, ತಾನೂ ಬಂದು ನನ್ನ ಪಕ್ಕ ಗೋಡೆಗೆ ಒರಗಿ ನಿಂತಳು. ಮಜ್ಜಿಗೆಹುಳಿ ಆರೋವರೆಗೂ ನಿಂತಿದ್ವಿ ಮಾರಾಯ್ತಿ. ಆಮೇಲೆ ಆತ ಅಂಗೈ ಹಿಂಭಾಗದಿಂದ ಲ್ಯಾಪ್‌ಟಾಪ್ ಮುಟ್ಟಿ ನೋಡಿ, ತಣ್ಣಗಾಗಿದೆ, ಇನ್ನು ಬರಬಹುದು ಅಂದ.

ನನ್ನ ಬ್ಲೌಸು

ಹೆಂಡತಿಗೆ ಸಹಾಯ ಆಗಲಿ ಅಂತ ಆತ ಲ್ಯಾಪ್‌ಟಾಪಲ್ಲಿ ಮೊದಲು ಮಾಡಿದ್ದು ಬ್ಲೌಸಿನ ಲೆಕ್ಕ. ಅಳತೆ ಹಾಕಿದ್ರೆ ಬಟ್ಟೆ ಎಲ್ಲಿ ಕತ್ತರಿಸಬೇಕು ಅಂತ ಅದೇ ಹೇಳೋದು. ಪರೀಕ್ಷೆಗೆ ಸಿಕ್ಕಿದ್ದು ನನ್ನ ಬ್ಲೌಸು. ಹಾಕ್ಕೊಂಡೆ, ಅದರೊಳಗೆ ನನ್ನ ತಂಗೀನೂ ಹಿಡೀತಿದ್ದಳು.

ಬಿಸಿ ಕಬ್ಬಿಣ ಆರಿದ್ರೆ ಕುಗ್ಗತ್ತಂತೆ, ಅದಕ್ಕೆ ಕಾರ್ಖಾನೇಲಿ ಅಚ್ಚನ್ನ ತುಸು ದೊಡ್ಡದಾಗೇ ಮಾಡ್ತಾರಂತೆ. ಆಮೇಲೆ ಉಜ್ಜಿ ನಯ ಮಾಡೋಕೆ ಅಂತ ಇನ್ನೊಂದಿಷ್ಟು ಬಿಡ್ತಾರಂತೆ. ಕೈ ರೂಢಿ, ಬ್ಲೌಸಿಗೂ ಎರಡನ್ನೂ ಸೇರಿಸಿದಾನೆ. ತಲೆ ತಗ್ಗಿಸಿಕೊಂಡು ತಾನೇ ಹೊಲಿಗೆ ಬಿಚ್ಚೋಕೆ ಕೂತ. ಹೆಂಡತಿ ಅವನಿಗೆ ಸೂಜಿ ಹಿಡಿಯೋದು ತೋರಿಸ್ತಾ, ಪರವಾಗಿಲ್ಲ ಬಿಡಿ, ಚಿಕ್ಕದಾಗಿದ್ರೆ ಏನು ಮಾಡೋಕಾಗ್ತಿತ್ತು ಅಂದಳು. ನನಗೆ ಕಣ್ಣು ಒದ್ದೆ ಆಯ್ತು, ಆದ್ರೂ ಕೇಳೋದನ್ನ ಬಿಡಲಿಲ್ಲ.

"ಅಲ್ಲ ಮಾರಾಯ, ಹಾಕ್ಕೊಂಡ ಮೇಲೆ ನನ್ನನ್ನೂ ಉಜ್ಜೋನಿದ್ಯಾ?"

ಬಾಯಿ ಮುಚ್ಚಿದ್ದು

ಒಂದು ಬೆಳಿಗ್ಗೆ ಅವಳ ಅಪ್ಪ ಹೇಳದೆ ಕೇಳದೆ ಶಿವಮೊಗ್ಗದಿಂದ ಬಂದ್ರು. ಯಾರೇ ಬರಲಿ, ಮೊದಲು ಕೂರೋದು ನಮ್ಮ ಜಗಲಿ ಮೇಲೇ. ಮಗಳು ಅಳಿಯ ಹೇಗಿದಾರೆ ಅಂತ ಕೇಳಿದ್ರು. ನಾನು ಎಲೆಅಡಿಕೆ ಬಾಯಿಗೆ ತುರುಕಿಕೊಂಡೆ. ಅಳಿಯಂದ್ರು ಕೆಲಸಕ್ಕೆ ಹೋದ್ರಾ ಅಂದ್ರು. ಇನ್ನೊಂದು ಎಲೆ ತುರುಕಿ ಹಾದಿ ಕಡೆ ನೋಡಿದೆ. ಹಿಂದೆಲ್ಲ ಅವರು ಬಂದಾಗ ಮಗಳ ಸಾರಿಗೆ ಉಪ್ಪು ಹೆಚ್ಚಾಗಿದ್ದನ್ನೂ ಬಿಡದೆ ವರದಿ ಮಾಡಿದೋಳು ನಾನು. ಅವರ ಮುಖ ಬಿಳುಚಿಕೊಳ್ತು.

"ನೀವೇ ಬಾಯಿ ಬಿಡ್ತಿಲ್ಲ ಅಂದ್ರೆ," ಅಂದೋರು ಮಾತು ಮುಗಿಸದೆ, ಚಪ್ಪಲೀನೂ ಮೆಟ್ಟದೆ ಓಡಿದ್ರು. ನಾನೂ ಹಿಂದೆ ಹೋದೆ, ಮತ್ತೆ ಹೋಗಬೇಡ್ವಾ.

ಅವತ್ತು ಕ್ಲಾಸ್ ಇರಲಿಲ್ಲ, ಅಳಿಯ ಮನೇಲೇ ಇದ್ದ. ಮಾವ ಹೋಗಿ ಅವನನ್ನ ಅಪ್ಪಿಕೊಂಡು, ಕೈ, ಕಾಲು, ಬೆನ್ನು ಎಲ್ಲ ಮುಟ್ಟಿ ನೋಡಿದ್ರು. ಮಗಳು ಹೆದರಿ ಇದ್ದದ್ದೆಲ್ಲ ತಾನೇ ಹೇಳಿಬಿಟ್ಟಳು. ಅಳಿಯ ಎದ್ದು ಗೋಡೆ ಕಡೆ ಸರಿದ. ಮಾವ ಬಟ್ಟೆ ಗಂಟಿನ ಮೇಲೆ ಕುಸಿದು ಕೂತ್ರು.

"ಕೆಲಸ ತಾನೇ ಹೋಗಿದ್ದು? ನಾನು ನೀವೇ ಹೋದ್ರಿ ಅಂದ್ಕೊಂಡೆ."

ಮಗಳನ್ನ ಕರ್ಕೊಂಡು ಹೋಗೋ ಮಾತೇ ಎತ್ತಲಿಲ್ಲ. ಕಣ್ಣೊರೆಸಿಕೊಂಡು, ಅದೇನು ಕಲೀತಿದೀರಿ ತೋರಿಸಿ ಅಂತ ಲ್ಯಾಪ್‌ಟಾಪ್ ಮುಂದೆ ಕೂತ್ರು. ಮಳೆಗಾಲ ಮುಗಿಯೋದ್ರೊಳಗೆ ಆತನಿಗೆ ಶಿವಮೊಗ್ಗದ ಒಂದು ಸಣ್ಣ ಆಫೀಸಲ್ಲಿ ಕೆಲಸ ಆಯ್ತು. ಹೆಂಡತಿ ಕೇಸರಿಬಾತ್ ತಂದುಕೊಟ್ಟಳು. ನಾನು ಬಾಯಿ ಮುಚ್ಚಿಕೊಂಡಿದ್ದಕ್ಕೆ ಅಲ್ವಾ ಇದೆಲ್ಲ ಆಗಿದ್ದು ಅಂದೆ. ಆಗ ನನ್ನ ಮುಖ ನೋಡ್ಕೊಂಡೇ ಹೇಳಿದಳು:

"ನೀವು ಮಾತಾಡಿದ್ರೆ ಬರೀ ನಮ್ಮ ಮಾನ ಹೋಗತ್ತೆ ಅಜ್ಜಿ. ಸುಮ್ಮನಿದ್ರೆ ನಮ್ಮಪ್ಪನ ಜೀವಾನೇ ಹೋಗತ್ತೆ. ದಮ್ಮಯ್ಯ, ಮಾತಾಡ್ತಾನೇ ಇರಿ."