ಚಾಟ್ ರೂಮಿಗೆ ಬಂದ ನಮ್ಮತ್ತೆ

ಕುಮಾರಸ್ವಾಮಿ ಲೇಔಟಿನ ಮೈದಾನವೊಂದರಲ್ಲಿ ನಾನು ಹೆಂಗಸರಿಗೆ ಸ್ಕೂಟರ್ ಕಲಿಸುತ್ತೇನೆ. ಭಯ ಮರೆಯಲು ಅವರು ಏನಾದರೂ ಮಾತಾಡುತ್ತಲೇ ಇರುತ್ತಾರೆ. ಮೊನ್ನೆ ಒಬ್ಬ ಹುಡುಗಿ, "ಅಕ್ಕ, ಈ ಡೇಟಿಂಗ್ ಚಾಟ್ ರೂಮ್ ಎಲ್ಲ ಈಗ್ಲೂ ಯಾರಾದ್ರೂ ಯೂಸ್ ಮಾಡ್ತಾರಾ? ವೇಸ್ಟ್ ಅಲ್ವಾ?" ಅಂದಳು. "ಮೊದ್ಲು ಬ್ರೇಕ್ ಹಿಡಿ, ಆಮೇಲೆ ಹೇಳ್ತೀನಿ" ಅಂದೆ. ಹೇಳಲು ಬೇಕಾದಷ್ಟಿದೆ. ಆ ರೂಮಿಗೆ ಕಾಲಿಟ್ಟಾಗಿನಿಂದ ನನಗೆ ಒಂದಲ್ಲ ಒಂದು ಆಗುತ್ತಲೇ ಇದೆ.

ನಮ್ಮ ಯಜಮಾನರು ತೀರಿಕೊಂಡು ಬಹಳ ವರ್ಷವಾಯಿತು. ಹೊಸಕೆರೆಹಳ್ಳಿಯ ಮನೆಯಲ್ಲಿ ನಾನು ಮತ್ತು ಅವರ ತಾಯಿ, ಇಬ್ಬರೇ. ಸಂಜೆ ಅತ್ತೆ ಸೀರಿಯಲ್ ಹಾಕಿಕೊಂಡರೆ ನನ್ನ ಜೊತೆ ಮಾತಿಗೆ ಯಾರೂ ಇಲ್ಲ. ನಲವತ್ತಾರರಲ್ಲಿ ಮತ್ತೆ ಒಂದು ಜೊತೆ ಬೇಕು ಅನ್ನಿಸಿತು. ಮಗನನ್ನು ಕಳೆದುಕೊಂಡವರ ಮುಂದೆ ಅದನ್ನು ಯಾವ ಬಾಯಲ್ಲಿ ಹೇಳಲಿ? ಆ್ಯಪ್‌ಗಳು ಮೊದಲು ಫೋಟೋ ಕೇಳುತ್ತವೆ, ನಮ್ಮ ಏರಿಯಾದಲ್ಲಿ ನನ್ನ ಮುಖ ಎಲ್ಲರಿಗೂ ಗೊತ್ತು. ಹೆಸರನ್ನೂ ಮುಖವನ್ನೂ ಕೇಳದ ಕನ್ನಡದ ಚಾಟ್ ರೂಮೊಂದು ಸಿಕ್ಕಿತು. ಗುಟ್ಟಾಗಿ ಸೇರಿಕೊಂಡೆ.

ಗಾಳಿ, ಬೆಳಕು, ನೀರು

ಮೊದಲು ಸಿಕ್ಕವರು ಬಹಳ ಆಸಕ್ತಿಯಿಂದ ಮಾತಾಡುತ್ತಿದ್ದರು. "ಮನೇಲಿ ಗಾಳಿ ಬೆಳಕು ಹೇಗಿದೆ ಮೇಡಂ? ಸಂಜೆ ಟೆರೇಸ್ ಮೇಲೆ ಕೂತ್ರೆ ಕೆರೆ ಕಾಣುತ್ತಾ?" ಎಂದೆಲ್ಲ ಕೇಳುವರು. ಎಂಥ ರಸಿಕರಪ್ಪಾ ಎಂದು ನಾನು ಕರಗಿಹೋದೆ. ಆಮೇಲೊಂದು ದಿನ, "ಕಾವೇರಿ ನೀರು ದಿನಾ ಬಿಡ್ತಾರಾ, ದಿನ ಬಿಟ್ಟು ದಿನಾನಾ?" ಅಂದಾಗ ಅನುಮಾನ ಬಂತು.

"ಯಾಕೆ ಸಾರ್?"

"ಮೇಲ್ಗಡೆ ಮನೆ ಖಾಲಿ ಇದೆ ಅಂದ್ರಲ್ಲ ಮೇಡಂ. ನಮ್ಮ ತಂಗಿ ಸಂಸಾರಕ್ಕೆ ಹುಡುಕ್ತಿದೀನಿ."

ತಂಗಿ ಸಂಸಾರ ಬಂತು. ಚಿನ್ನದಂಥ ಜನ. ಅತ್ತೆಗೆ ಮಂಡಿನೋವು ಬಂದರೆ ಆ ತಂಗಿಯೇ ಓಡಿಬಂದು ಎಣ್ಣೆ ತಿಕ್ಕುತ್ತಾಳೆ. ನಾನು ಹುಡುಕಿದ್ದು ನನಗೊಬ್ಬರನ್ನು, ಸಿಕ್ಕಿದ್ದು ಮೇಲ್ಗಡೆ ಮನೆಗೆ ನಾಲ್ವರು.

ಕಾಫಿ ಮತ್ತು ಆಶೀರ್ವಾದ

ಎರಡನೆಯವರು ಪದ್ಮನಾಭನಗರದವರು, ನನಗಿಂತ ಸ್ವಲ್ಪ ದೊಡ್ಡವರು. ಮಾತು ಹಿತವಾಗಿತ್ತು. ಜಯನಗರದ ಒಂದು ದರ್ಶಿನಿಯಲ್ಲಿ ನಿಂತುಕೊಂಡು ಕಾಫಿ ಕುಡಿಯೋಣ ಅಂತಾಯಿತು. ಅವರು ಇಸ್ತ್ರಿ ಷರ್ಟು, ನಾನು ಮೈಸೂರು ಸಿಲ್ಕು.

ಅರ್ಧ ಲೋಟ ಕಾಫಿಯಾಗುವಷ್ಟರಲ್ಲಿ ಅವರು, "ನಮ್ದೂ ಮೂಲ ಹೊಸಕೆರೆಹಳ್ಳೀನೇ. ಜಮೀನು ಹೋದ್ಮೇಲೆ ನಮ್ಮಪ್ಪ ಈ ಕಡೆ ಬಂದ್ರು. ನಿಮ್ದು ಯಾರ ಮನೆ?" ಅಂದರು. ನಾನು ಮಾವನವರ ಹೆಸರು ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು. ಲೆಕ್ಕ ಹಾಕಿದರೆ ಅವರಪ್ಪ ನಮ್ಮ ಯಜಮಾನರಿಗೆ ದಾಯಾದಿ ಅಣ್ಣ!

ಪುಣ್ಯಾತ್ಮ ಲೋಟ ಕೆಳಗಿಟ್ಟು, ಅಷ್ಟು ಜನರ ಮಧ್ಯೆ ಬಗ್ಗಿ ನನ್ನ ಕಾಲು ಮುಟ್ಟಿ, "ತಪ್ಪಾಯ್ತು ಚಿಕ್ಕಮ್ಮ, ಆಶೀರ್ವಾದ ಮಾಡಿ" ಅಂದರು. ತಲೆ ನರೆತ ಮಗನಿಗೆ ಏನೆಂದು ಹರಸುವುದು? "ಬೇಗ ಮದುವೆ ಆಗ್ಲಪ್ಪ" ಅಂದುಬಿಟ್ಟೆ.

ಅಡ್ಮಿನ್ ಯಾರ ಮಗ?

ಆ ಮಗರಾಯ ಮನೆಗೆ ಹೋಗಿ ಎಲ್ಲವನ್ನೂ ತಾಯಿಗೆ ಒಪ್ಪಿಸಿದ. ತಾಯಿ ನಮ್ಮತ್ತೆಗೆ ಫೋನ್ ಮಾಡಿದರು. ನಾನು ಮನೆಗೆ ಬಂದಾಗ ಅತ್ತೆ ಟಿವಿ ಆಫ್ ಮಾಡಿ ಕೂತಿದ್ದರು.

"ನಿಂಗೆ ಬುದ್ಧಿ ಇದ್ಯೇನೇ?" ಅಂದರು. "ಸಂಬಂಧ ವಿಚಾರಿಸ್ದೆ ಯಾರಾದ್ರೂ ಕಾಫಿ ಕುಡಿಯೋಕೆ ಹೋಗ್ತಾರಾ? ನಾನಿರ್ಲಿಲ್ವಾ ವಿಚಾರಿಸೋಕೆ?"

ಅವರ ಸಿಟ್ಟು ಅಷ್ಟಕ್ಕೇ ಆಗಿತ್ತು. ನಾನು ಅಡುಗೆಮನೆಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಸಮಾಧಾನವಾಗುವವರೆಗೆ ಅತ್ತುಬಿಟ್ಟೆ.

ಮಾರನೆಯ ಸಂಜೆಯಿಂದ ಅತ್ತೆ ಕನ್ನಡಕ ಹಾಕಿಕೊಂಡು ನನ್ನ ಪಕ್ಕದಲ್ಲೇ ಕೂತರು. ಅವರು ಹೇಳುವುದು, ನಾನು ಟೈಪ್ ಮಾಡುವುದು. ಯಾರು "ಹಾಯ್" ಅಂದರೂ ಉತ್ತರ ಒಂದೇ: "ಯಾವ ಊರು? ಯಾರ ಮನೆ?" ನೋಡನೋಡುತ್ತ ರೂಮಿನಲ್ಲಿ ಪ್ರೇಮದ ಮಾತು ನಿಂತೇಹೋಯಿತು. ಒಬ್ಬರಿಗೆ ಸೋದರತ್ತೆ ಸಿಕ್ಕರು, ಇನ್ನೊಬ್ಬರು ಗೃಹಪ್ರವೇಶಕ್ಕೆ ಎಲ್ಲರನ್ನೂ ಕರೆದರು. ಕೊನೆಗೆ ಅಡ್ಮಿನ್ ಬಂದು, "ಇದು ಡೇಟಿಂಗ್ ರೂಮ್. ದಯವಿಟ್ಟು ಫ್ಯಾಮಿಲಿ ವಿಷಯ ಮಾತಾಡಬೇಡಿ" ಎಂದು ಬರೆದ.

ಅತ್ತೆ ಫೋನಿನ ಹತ್ತಿರ ಬಾಗಿ, "ಬರಿಯೇ: ಅದಿರ್ಲಿ, ನೀನು ಯಾರ ಮಗನಪ್ಪ?" ಅಂದರು. ಅವನು ಪಾಪ, ತಾತನ ಹೆಸರಿನ ಸಮೇತ ಎಲ್ಲ ಹೇಳಿದ.

ಊಟ ಆತೇನ್ರಿ?

ಆ ಗದ್ದಲದಲ್ಲೂ ಒಬ್ಬರು ದಿನಾ ಸಂಜೆ ನನಗೆ "ಊಟ ಆತೇನ್ರಿ?" ಎಂದು ಕೇಳುತ್ತಿದ್ದರು. ಹುಬ್ಬಳ್ಳಿಯವರು, ಬಿಟಿಎಂನಲ್ಲಿ ಬಾಡಿಗೆ ರೂಮು, ಲಿಫ್ಟ್ ರಿಪೇರಿ ಕೆಲಸ. ಹೆಂಡತಿ ತೀರಿಕೊಂಡಿದ್ದರು. ಸ್ಕೂಟರ್ ಕಲಿಯುವವರು ನನ್ನ ಕಾಲ ಮೇಲೆ ಗಾಡಿ ಹತ್ತಿಸಿದರೆ ಅವರಿಗೆ ಹೇಳುತ್ತಿದ್ದೆ, ಲಿಫ್ಟಿನಲ್ಲಿ ಸಿಕ್ಕಿಕೊಂಡವರ ಕಥೆ ಅವರು ಹೇಳುತ್ತಿದ್ದರು. ಆ "ಊಟ ಆತೇನ್ರಿ"ಗೆ ನಾನು ಕಾಯತೊಡಗಿದೆ. ಒಂದು ಮಾತು ಮಾತ್ರ ಮೊದಲೇ ಹೇಳಿದ್ದೆ: ಅತ್ತೆಯನ್ನು ಬಿಟ್ಟು ಎಲ್ಲಿಗೂ ಬರುವುದಿಲ್ಲ.

ಜೆಪಿ ನಗರದ ಪಾರ್ಕಿನಲ್ಲಿ ಭೇಟಿ. ಅವರು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸಿಕೊಂಡು ಬಂದಿದ್ದರು. ನಾನು ಅತ್ತೆಯನ್ನು ಕರೆದುಕೊಂಡು ಹೋಗಿದ್ದೆ. ಬೆಂಚಿನ ಮಧ್ಯೆ ಅತ್ತೆ, ಆಚೆ ಅವರು, ಈಚೆ ನಾನು.

"ನಿಮ್ಮ ತಾಯಿ ತವರು ಯಾವುದಪ್ಪ?"

"ಗದಗ ಕಡೇದ್ರಿ ಅಮ್ಮಾರ."

"ಅಲ್ಲಿಂದ ಯಾರಾದ್ರೂ ಕನಕಪುರದ ಕಡೆ ಹೆಣ್ಣು ಕೊಟ್ಟಿದಾರಾ?"

"ಇಲ್ರಿ."

"ಮಾಗಡಿ? ರಾಮನಗರ?"

"ಇಲ್ರಿ. ನಮ್ಮ ಮನಿತನದಾಗ ತುಂಗಭದ್ರಾ ದಾಟಿ ಬಂದಾಂವ ನಾ ಒಬ್ಬನ."

ಅತ್ತೆ ಅಜ್ಜಿ ಕಡೆ ಹೋದರು, ಭಾವಮೈದುನರ ಕಡೆ ಹೋದರು. ಎಲ್ಲೂ ದಾರಿ ಸಿಗಲಿಲ್ಲ. ಕೊನೆಗೆ ಸುಸ್ತಾಗಿ ನನ್ನ ಕಡೆ ತಿರುಗಿ, "ಒಂದು ಎಳೆನೂ ಸಿಗ್ತಿಲ್ಲ ಕಣೇ" ಅಂದರು. ಗೊತ್ತಿಲ್ಲದ ಜನ ಬೇಡ ಅಂದುಬಿಟ್ಟರೆ?

ಅತ್ತೆ ಒಂದು ತುಂಡು ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡರು. ನಿಧಾನವಾಗಿ ಅಗಿದರು. "ಸಂಬಂಧ ಇಲ್ಲ ಅಂದ್ಮೇಲೆ ಹೊಸದಾಗೇ ಮಾಡ್ಕೋಬೇಕು, ಇನ್ನೇನ್ ಮಾಡೋಕಾಗುತ್ತೆ" ಅಂದರು.

ಹುಬ್ಬಳ್ಳಿಯವರಿಗೆ ನಂಬಿಕೆಯೇ ಬರಲಿಲ್ಲ. "ಹಂಗಂದ್ರ, ನೀವು ನನಗ ಏನ್ ಆಗ್ತೀರಿ ಅಮ್ಮಾರ?"

"ನಾನು ಹೆಣ್ಣಿನ ಕಡೆಯವಳು. ಇವಳು ನನ್ನ ಮಗಳು. ನಿಂಗೆ ಅತ್ತೆ ಆಗ್ತೀನಿ. ಆದ್ರೆ ನೀನು ಮನೆಅಳಿಯ ಆಗಿ ಬರ್ಬೇಕು, ಹೇಳಿದೀನಿ."

"ಬರ್ತೇನ್ರಿ ಅತ್ತಿ" ಅಂದರು, ಎದ್ದು ನಿಂತು. ನಾನು ಪಾರ್ಕಿನಲ್ಲಿ ಎಲ್ಲರೆದುರು ಅತ್ತೆಯ ತೋಳು ಹಿಡಿದುಕೊಂಡು ಅತ್ತುಬಿಟ್ಟೆ. ಇಂಥ ಅತ್ತೆ ಎಷ್ಟು ಜನಕ್ಕೆ ಸಿಗುತ್ತಾರೆ?

ಇಷ್ಟೂ ಕಥೆ ಕೇಳಿ ಸ್ಕೂಟರ್ ಹುಡುಗಿ, "ಹಾಗಾದ್ರೆ ಚಾಟ್ ರೂಮ್ ವೇಸ್ಟ್ ಅಲ್ಲ ಅಂತೀರಾ ಅಕ್ಕ?" ಅಂದಳು.

"ಖಂಡಿತ ಅಲ್ಲಮ್ಮ. ಮೊದ್ಲು ಮನೇಲಿ ನೀರಿನ ಮೋಟಾರ್ ಹಾಕೋದು ಮರೆತ್ರೆ ಅತ್ತೆ ಹತ್ರ ಬೈಸ್ಕೊಳ್ಳೋಕೆ ನಾನೊಬ್ಬಳೇ ಇದ್ದೆ. ಈಗ ನಿಂತ್ಕೊಂಡು ಬೈಸ್ಕೊಳ್ಳೋಕೆ ಪಕ್ಕದಲ್ಲಿ ಒಂದು ಜೊತೆ ಇದೆ."