ಪ್ರಸಾದವಾದ ಮಾತ್ರೆ

ನಮ್ಮ ಸೋದರಮಾವನಷ್ಟು ಸಲ ಕುಡಿತ ಬಿಟ್ಟವರು ಇಡೀ ಚಿತ್ತವಾಡ್ಗಿಯಲ್ಲೇ ಇಲ್ಲ! ತಿಂಗಳಿಗೆರಡು ಸಲ ಬಿಡುತ್ತಿದ್ದ, ಬಿಟ್ಟ ಖುಷಿಗೆ ಮತ್ತೆ ಕುಡಿಯುತ್ತಿದ್ದ. ಸಂಡೂರಿನ ಗಣಿಯಲ್ಲಿ ಟಿಪ್ಪರ್ ಓಡಿಸುವ ಕೆಲಸ ಹೋಯಿತು. "ಇನ್ನೊಮ್ಮೆ ಕುಡಿದ್ರ ನಾ ಮಕ್ಕಳನ್ನ ಕರ್ಕೊಂಡು ತವರಿಗೆ ಹೋಗಾಕಿ" ಎಂದಳು ಅತ್ತೆ. ಆಮೇಲೆ ಬುದ್ಧಿ ಬಂತು, ಹೊಸಪೇಟೆಯ ಆಸ್ಪತ್ರೆಗೆ ಸೇರಿದ.

ಕೈನಡುಕ ನಿಂತ ಮೇಲೆ ಡಾಕ್ಟರು ಮಾತ್ರೆ ಬರೆದು, "ಇದನ್ನ ನುಂಗಿ ಕುಡಿದ್ರ ಜೀವಕ್ಕ ಕುತ್ತು ಬರ್ತದ. ಬ್ಯಾರೆಯವರಿಗೆ ಕೊಡಬ್ಯಾಡ್ರಿ" ಎಂದರು. ವಾರಕ್ಕೊಮ್ಮೆ ಕೌನ್ಸೆಲಿಂಗ್ ಬೇರೆ. ಮೊದಲ ದಿನ ಮಾವ ಒಂದು ತಾಸು ಟಿಪ್ಪರ್ ಪುರಾಣ ಹೇಳಿ ಹೊರಬಂದು, "ಪಾಪ, ಮೇಡಂಗ ಮಾತಾಡಾಕ ಯಾರೂ ಇಲ್ಲ ಕಾಣ್ತೈತಿ" ಎಂದು ಮರುಗಿದ!

ಮನೆಯಲ್ಲಿ ಮಾತ್ರೆಯ ಮರ್ಯಾದೆ ಕೇಳಬೇಕೆ? ಸ್ನಾನ ಮಾಡಿ, ವಿಭೂತಿ ಹಚ್ಚಿ, ದೇವರ ಮುಂದಿಟ್ಟು, ಕಣ್ಣಿಗೊತ್ತಿಕೊಂಡು ನುಂಗುತ್ತಿದ್ದ.

"ಮಾಮಾ, ಅದು ಮಾತ್ರೆ, ಪ್ರಸಾದ ಅಲ್ಲ!"

"ಸುಮ್ನಿರಲೇ. ಇಷ್ಟು ವರ್ಷ ಯಾವ ದೇವ್ರೂ ಮಾಡದ್ದನ್ನ ಇದು ನಲವತ್ತು ದಿನದಾಗ ಮಾಡೈತಿ!"

ಪ್ರಸಾದವೆಂದ ಮೇಲೆ ಒಬ್ಬನೇ ತಿನ್ನಬಹುದೇ? ಒಂದು ಬೆಳಗ್ಗೆ ಕಮಲಾಪುರದಿಂದ ಅವನ ಹಳೆಯ ಕುಡಿತದ ಗೆಳೆಯ ಬಂದ. ಅವನೂ ಕುಡಿಯುವುದನ್ನು ಬಿಡಲಿ ಎಂದು ಮಾವ ಅರ್ಧ ಮಾತ್ರೆ ಮುರಿದ.

"ಏನಲೇ ಇದು?"

"ಪ್ರಸಾದ. ಬಾಯಿ ತೆಗಿ."

ಪಾಪ, ನುಂಗಿದ. ಮಧ್ಯಾಹ್ನ ಎಂದಿನಂತೆ ಹೋಗಿ ಕುಡಿದ. ಕುಡಿದ ಅಂಗಡಿಯಿಂದಲೇ ಫೋನ್ ಬಂತು: ಮುಖ ಕೆಂಪಾಗಿದೆ, ಒಂದೇ ಸಮ ವಾಂತಿ, ಉಸಿರು ಸಿಗುತ್ತಿಲ್ಲ. ಓಡಿಹೋಗಿ ಆಟೋದಲ್ಲಿ ಹಾಕಿಕೊಂಡು ಅದೇ ಆಸ್ಪತ್ರೆಗೆ ಬಂದೆವು. ದಾರಿಯುದ್ದಕ್ಕೂ ಮಾವ ಅವನ ಎದೆ ತಿಕ್ಕುತ್ತಾ, "ಸಾಯಬ್ಯಾಡಲೇ" ಅನ್ನುತ್ತಲೇ ಇದ್ದ.

"ಈ ಮಾತ್ರೆ ಕೊಟ್ಟೋರು ಯಾರ್ರೀ?" ಡಾಕ್ಟರು ಗುಡುಗಿದರು.

"ನಾನ್ರೀ" ಎಂದು ಮಾವ ಕೈಯೆತ್ತಿದ.

ಸಂಜೆ ನರ್ಸ್ ಬಂದು, "ಬದುಕ್ಯಾನ, ಹೆದರಬ್ಯಾಡ್ರಿ" ಎಂದರು. ಸುದ್ದಿ ತಿಳಿದು ಓಡಿಬಂದಿದ್ದ ಅತ್ತೆ ನಿರಾಳವಾಗಿ ಉಸಿರು ಬಿಟ್ಟಳು. ಮಾವ ಮಾತ್ರ ನನ್ನ ಮಣಿಕಟ್ಟು ಹಿಡಿದುಕೊಂಡ. ಮೈಯೆಲ್ಲ ಬೆವರು.

"ಅಳಿಯಾ, ನನ್ನ ಕೈ ಬಿಡಬ್ಯಾಡ. ಬಿಟ್ಟಿ ಅಂದ್ರ ಎದುರಿನ ವೈನ್‌ಶಾಪಿಗೆ ಹೋಗ್ತೀನಿ. ಹೊಟ್ಟ್ಯಾಗ ಮಾತ್ರಿ ಐತಿ, ಗೊತ್ತೈತಿ. ಆದ್ರೂ ಹೋಗ್ತೀನಿ. ಕೌನ್ಸೆಲಿಂಗ್ ಮೇಡಂಗ ಫೋನ್ ಹಚ್ಚು."

ಇಷ್ಟು ದಿನ ಇವನನ್ನು ಕಂಡರೆ ನಗುತ್ತಿದ್ದ ನನಗೆ ಅಳು ಬಂತು. ಒಂದೇ ಕೈಯಲ್ಲಿ ಫೋನ್ ಹಚ್ಚಿದೆ. ಅತ್ತೆ ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ. ಅವನ ಆ ಬದಿಗೆ ಬಂದು ಕೂತಳು. "ಭಾಳ ತಣ್ಣಗಾಗ್ಯಾವರಿ ಕೈ" ಎಂದು ಅವನ ಇನ್ನೊಂದು ಕೈಯನ್ನು ತನ್ನ ಸೆರಗಿನೊಳಗೆ ಸುತ್ತಿಕೊಂಡಳು. ಮೇಡಂ ಬರುವವರೆಗೂ ಮೂವರೂ ಹಾಗೇ ಕೂತಿದ್ದೆವು.