ಓದಿಸುವ ಸಾಮಾನು ಹೊತ್ತು ಮೂರೂರು

ಮಕ್ಕಳಿಗೆ ಓದು ಕಲಿಸಬೇಕೆಂದು ಹೊಸ ಪದ್ಧತಿಯನ್ನೋ, ಹೊಸ ಪಟವನ್ನೋ, ಪುಸ್ತಕದ ಪೆಟ್ಟಿಗೆಯನ್ನೋ ಶಾಲೆಯೊಳಗೆ ತಂದಿಟ್ಟರೆ ಎಂಟು ದಿನದೊಳಗೆ ಒಂದಾದರೂ ಪಜೀತಿ ಆಗಿಯೇ ತೀರುತ್ತದೆ. ಬಳ್ಳಾರಿ ಸೀಮೆಯಲ್ಲಿ ನಾನು ಮಾಸ್ತರಿಕೆ ಮಾಡಿದಷ್ಟು ವರ್ಷವೂ ಇದು ತಪ್ಪಲಿಲ್ಲ. ಆಗ ನಾವೆಲ್ಲ ಮದರಾಸು ಸರ್ಕಾರದ ಕೆಳಗೆ ಇದ್ದೆವು. ಹುಕುಂ ಅಲ್ಲಿಂದ ರೈಲು ಹತ್ತುತ್ತಿತ್ತು. ನಮ್ಮೂರು ತಲುಪುವಷ್ಟರಲ್ಲಿ ಅದರ ಅರ್ಥ ದಾರಿಯ ಯಾವುದೋ ಸ್ಟೇಷನ್ನಿನಲ್ಲಿ ಇಳಿದುಹೋಗಿರುತ್ತಿತ್ತು.

ಹೋದ ಶಾಲೆಯಲ್ಲೆಲ್ಲ ಪುಸ್ತಕಗಳ ಉಸ್ತುವಾರಿ ನನಗೇ ಅಂಟಿಕೊಂಡಿತು. ನನಗೆ ಅದಕ್ಕೆ ಬೇಕಾದ ಯೋಗ್ಯತೆ ಏನೂ ಇರಲಿಲ್ಲ. ಮೊದಲ ದಿನ ಪುಸ್ತಕದ ಬೀರು ತೆರೆದು ನೋಡಿದವನು ನಾನು, ಅಷ್ಟೇ.

೧. ಸಪ್ಪಳವಿಲ್ಲದ ಸಾಲಿ

ನನ್ನ ಮೊದಲ ಶಾಲೆ ಕುರುಗೋಡಿನಲ್ಲಿ. ಇಬ್ಬರೇ ಮಾಸ್ತರರು: ಹೆಡ್ಮಾಸ್ತರರು ಮತ್ತು ನಾನು. ಒಂದೇ ದೊಡ್ಡ ಕೋಣೆಯಲ್ಲಿ ಒಂದು ಗುಂಪು ಮಗ್ಗಿ ಹೇಳುತ್ತಿತ್ತು, ಇನ್ನೊಂದು ಪದ್ಯ ಕೂಗುತ್ತಿತ್ತು, ಮೂರನೆಯದು ಅ ಆ ಇ ಈ ಒದರುತ್ತಿತ್ತು. ಊರಾಚೆಯ ಹೊಲದಲ್ಲಿ ನಿಂತವರಿಗೂ ಶಾಲೆ ನಡೆದಿದೆ ಎಂದು ಗೊತ್ತಾಗುತ್ತಿತ್ತು.

ಹೀಗಿರುವಾಗ ಒಂದು ಹುಕುಂ ಬಂತು. ಬಾಯಿಬಿಟ್ಟು ಓದುವುದರಿಂದ ಮಕ್ಕಳಿಗೆ ಅರ್ಥದ ಕಡೆ ಗಮನ ಹೋಗುವುದಿಲ್ಲ, ಆದ್ದರಿಂದ ದಿನಕ್ಕೊಂದು ತಾಸು ಮೌನ ವಾಚನ ಮಾಡಿಸತಕ್ಕದ್ದು ಎಂದು. ನಾನು ಆಗಷ್ಟೇ ಟ್ರೇನಿಂಗ್ ಮುಗಿಸಿ ಬಂದವನು. ಹುರುಪಿನಿಂದ ಬೀರಿನಲ್ಲಿದ್ದ ಪುಸ್ತಕಗಳನ್ನೆಲ್ಲ ಹೊರಗೆ ತೆಗೆದು ಹಂಚಿದೆ. ನಲವತ್ತು ಮಕ್ಕಳು ತುಟಿ ಅಲುಗಿಸದೆ ಓದತೊಡಗಿದರು. ಗೋಡೆಯ ಮೇಲಿನ ಗಡಿಯಾರದ ಸದ್ದು ಅಂದೇ ಮೊದಲು ನನಗೆ ಕೇಳಿಸಿದ್ದು.

ಮೂರನೆಯ ದಿನ ಊರಿನ ಗೌಡರು ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದರು. ಮೂವರೂ ಹೆಗಲ ಮೇಲಿನ ವಸ್ತ್ರ ತೆಗೆದು ಕೈಯಲ್ಲಿ ಹಿಡಿದಿದ್ದರು. ಬಾಗಿಲಲ್ಲೇ ನಿಂತು ಗೌಡರು ಮೆಲ್ಲಗೆ ಕೇಳಿದರು:

"ಯಾರು ತೀರಿಕೊಂಡ್ರು ಮಾಸ್ತರ?"

"ಯಾರೂ ಇಲ್ರಿ. ಹುಡುಗರು ಓದಾಕ ಹತ್ತ್ಯಾರ."

"ಬಾಯಿ ಮುಚ್ಚಿಕೊಂಡು?"

"ಕಣ್ಣಿಲೆ ಓದ್ತಾರ್ರಿ. ಮನಸಿನಾಗ."

ಗೌಡರು ಒಂದೊಂದೇ ಮುಖ ನೋಡಿಕೊಂಡು ಬಂದರು. "ಮನಸಿನಾಗ ಓದತಾನೋ, ಮನಸಿನಾಗ ನಿದ್ದಿ ಮಾಡತಾನೋ, ನಮಗ ಹೆಂಗ ತಿಳೀಬೇಕ್ರಿ? ಇಷ್ಟು ದಿನ ಹೊಲದಾಗ ನಿಂತ್ರೆ ನನ್ನ ಮೊಮ್ಮಗನ ದನಿ ಕೇಳತಿತ್ತು. ಹುಡುಗ ಸಾಲ್ಯಾಗ ಅದಾನ ಅಂತ ನೆಮ್ಮದಿ ಇತ್ತು."

ಮರುದಿನದಿಂದ ಮಕ್ಕಳು ಕಡಿಮೆಯಾಗತೊಡಗಿದರು. ವಾರ ಕಳೆಯುವುದರೊಳಗೆ ಹನ್ನೊಂದು ಉಳಿದವು. ಹಾಜರಿ ಇಳಿದರೆ ಎರಡನೆಯ ಮಾಸ್ತರನ ಹುದ್ದೆ ರದ್ದಾಗುತ್ತದೆ. ಆ ಎರಡನೆಯ ಮಾಸ್ತರ ನಾನೇ. ಬರುವ ತಿಂಗಳು ನನ್ನ ಮದುವೆ ಬೇರೆ ಗೊತ್ತಾಗಿತ್ತು.

ನಮ್ಮ ಹೆಡ್ಮಾಸ್ತರರು ಸರ್ಕಾರದ ಮಾತು ಮೀರಿದವರಲ್ಲ, ಊರಿನವರ ಮಾತು ತೆಗೆದುಹಾಕಿದವರೂ ಅಲ್ಲ. ಎರಡು ದಿನ ಯೋಚನೆ ಮಾಡಿದರು. ಮೂರನೆಯ ದಿನ ಆರ್ಡರ್ ಪುಸ್ತಕ ತೆಗೆದು ದುಂಡಗಿನ ಅಕ್ಷರದಲ್ಲಿ ಬರೆದರು:

"ನಾಳೆಯಿಂದ ಎಲ್ಲ ತರಗತಿಗಳಲ್ಲೂ ಮೌನ ವಾಚನವನ್ನು ಗಟ್ಟಿ ದನಿಯಲ್ಲಿ ಮಾಡಿಸತಕ್ಕದ್ದು."

ಮಕ್ಕಳು ವಾಪಸು ಬಂದರು. ನನ್ನ ಹುದ್ದೆ ಉಳಿಯಿತು, ಮದುವೆಯೂ ಆಯಿತು. ಮುಂದೆ ಇನ್ಸ್‌ಪೆಕ್ಟರ್ ಸಾಹೇಬರು ಬಂದಾಗ ಆ ಆರ್ಡರನ್ನು ಓದಿ, ಕೆಳಗೆ "ಸರಿ" ಎಂದು ರುಜು ಹಾಕಿ ಹೋದರು.

೨. ಶ

ಅದೇ ಶಾಲೆಗೆ ಅಕ್ಷರದ ಬಣ್ಣದ ಪಟಗಳು ಬಂದವು. ಒಂದೊಂದು ಅಕ್ಷರಕ್ಕೆ ಒಂದೊಂದು ಚಿತ್ರ. ಅ ಅಂದರೆ ಅರಸ, ಆ ಅಂದರೆ ಆನೆ. ಶ ಎಂಬಲ್ಲಿಗೆ ಬರುವ ತನಕ ಎಲ್ಲ ಸುಸೂತ್ರವಾಗಿ ನಡೆಯಿತು. ಅಲ್ಲಿ ಒಂದು ಶಾಲೆಯ ಚಿತ್ರವಿತ್ತು.

"ಇದೇನು?" ಎಂದೆ.

"ಸಾಲಿ ಸಾರ್!" ಎಂದು ಕೂಗಿದರು.

"ಅದರ ಕೆಳಗಿನ ಅಕ್ಷರ ಯಾವುದು?"

"ಸ!"

ಅವರ ಬಾಯಿಗೆ ಅವರು ಹೇಳಿದ್ದು ಸರಿಯೇ ಇತ್ತು. ನಾನು ಪಟಕ್ಕೆ ಕೋಲು ಕುಟ್ಟಿ, "ಸ ಅಲ್ಲ, ಶ. ಎಲ್ಲಾರೂ ಅನ್ರಿ, ಶ್... ಶ್..." ಎಂದೆ. ಕೋಣೆ ತಣ್ಣಗಾಯಿತು. ಎಲ್ಲರೂ ಕೈಕಟ್ಟಿ ನೆಟ್ಟಗೆ ಕೂತರು. ನಾಲ್ಕು ದಿನ ಹೀಗೇ ಆಯಿತು. ನಾನು ಶ ಅಂದಾಗೆಲ್ಲ ಅವರು ಬಾಯಿ ಮುಚ್ಚುತ್ತಿದ್ದರು.

ಐದನೆಯ ದಿನ ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ಪಟಗಳಿಂದ ಪ್ರಯೋಜನವಾಗಿದ್ದರೆ ಮಾತ್ರ ಇನ್ನಷ್ಟು ಪಟ, ಕಥೆಪುಸ್ತಕ ಕೊಡುವುದೆಂದು ಮೊದಲೇ ಬರೆದಿದ್ದರು. ಬಂದವರು ಅಷ್ಟೂ ಅಕ್ಷರ ಬಿಟ್ಟು ನೇರವಾಗಿ ಆ ಶ ಪಟದ ಮೇಲೇ ಕೋಲಿಟ್ಟರು.

"ಇದು ಯಾವ ಅಕ್ಷರ?"

ಮುಂದಿನ ಸಾಲಿನ ಹುಡುಗಿ ಎದ್ದು ನಿಂತು ನನ್ನ ಮುಖ ನೋಡಿದಳು. ನಾನು ಸಾಹೇಬರ ಬೆನ್ನ ಹಿಂದೆ ನಿಂತು, ಅವರಿಗೆ ಕೇಳಿಸದ ಹಾಗೆ ತುಟಿ ಆಡಿಸಿದೆ: "ಶ್..."

ಮಕ್ಕಳೆಲ್ಲ ಕೈಕಟ್ಟಿಕೊಂಡರು. ಹುಡುಗಿ ಸರಕ್ಕನೆ ಕೂತು ತುಟಿಯ ಮೇಲೆ ಬೆರಳಿಟ್ಟುಕೊಂಡಳು.

ಸಾಹೇಬರು ಇನ್ನೊಮ್ಮೆ ಕೇಳಿದರು. ನಾನು ತಡೆಯಲಾಗದೆ ಸ್ವಲ್ಪ ಜೋರಾಗಿಯೇ "ಶ್ಶ್!" ಎಂದುಬಿಟ್ಟೆ. ಆಗ ಹೆಡ್ಮಾಸ್ತರರೂ ಕೈಕಟ್ಟಿ ನಿಂತರು.

ಸಾಹೇಬರು ಕೋಣೆಯನ್ನು ಒಮ್ಮೆ ನೋಡಿ, ತಲೆಯಾಡಿಸಿ ಪುಸ್ತಕದಲ್ಲಿ ಬರೆದರು: "ಅಕ್ಷರಜ್ಞಾನ ಸಾಧಾರಣ. ಶಿಸ್ತು ಅತ್ಯುತ್ತಮ."

೩. ತಲೆಕಟ್ಟು

ಮುಂದೆ ಬಳ್ಳಾರಿಗೆ ವರ್ಗವಾಯಿತು. ದೊಡ್ಡ ಶಾಲೆ. ಕನ್ನಡದ ಪಂಡಿತರು ಬೇರೆ, ತೆಲುಗಿನ ಪಂಡಿತರು ಬೇರೆ. ಮಕ್ಕಳಿಗೆ ಮಾತ್ರ ಈ ಬೇರೆತನ ತಿಳಿಯದು. ಕನ್ನಡದಲ್ಲಿ ಜಗಳ ತೆಗೆದು ತೆಲುಗಿನಲ್ಲಿ ಮುಗಿಸುತ್ತಿದ್ದರು.

ನಾಲ್ಕನೆಯ ತರಗತಿಗೆ ಕನ್ನಡದ ಕಥೆಪುಸ್ತಕ ಒಂದೂ ಇರಲಿಲ್ಲ. ಮದರಾಸಿನ ಒಂದು ಕಚೇರಿಗೆ ಆರು ತಿಂಗಳು ಬರೆದೆವು. ಕಡೆಗೆ ಒಂದು ಪೆಟ್ಟಿಗೆ ಸ್ಟೇಷನ್ನಿಗೆ ಬಂತು. ಹೆಡ್ಮಾಸ್ತರರೂ ನಾನೂ ಜಟಕಾದಲ್ಲಿ ಹೋಗಿ ತಂದೆವು. ಎಲ್ಲ ಮಾಸ್ತರರ ಎದುರಿಗೆ ಮೊಳೆ ಕಿತ್ತು ತೆಗೆದರೆ ಎಲ್ಲವೂ ತೆಲುಗು ಪುಸ್ತಕ.

ಈ ಶಾಲೆಯ ಹೆಡ್ಮಾಸ್ತರರು ಬಹಳ ಶಾಂತ ಸ್ವಭಾವದವರು. ನಾವು ಕೇಳಿದ್ದು ಕನ್ನಡ, ಬಂದದ್ದು ತೆಲುಗು ಎಂದು ವಿನಯದಿಂದ ಪತ್ರ ಬರೆದರು. ತಿಂಗಳ ಮೇಲೆ ಉತ್ತರ ಬಂತು. ಅದನ್ನು ನಮಗೆಲ್ಲ ಓದಿ ಹೇಳಿದರು:

"ತಮ್ಮ ಪತ್ರ ಬಂದ ಮೇಲೆ ಪುಸ್ತಕಗಳನ್ನು ಪರೀಕ್ಷಿಸಲಾಯಿತು. ಎರಡು ಲಿಪಿಗಳ ನಡುವೆ ತಲೆಕಟ್ಟಿನ ವ್ಯತ್ಯಾಸ ಮಾತ್ರ ಕಂಡುಬಂದಿದೆ. ತಲೆಕಟ್ಟನ್ನು ವಿದ್ಯಾರ್ಥಿಗಳಿಂದಲೇ ತಿದ್ದಿಸಿಕೊಳ್ಳುವುದು."

ತೆಲುಗಿನ ಪಂಡಿತರು ನಕ್ಕೂ ನಕ್ಕೂ ಕನ್ನಡಕ ತೆಗೆದು ಒರೆಸಿಕೊಂಡರು. ಕನ್ನಡದ ಪಂಡಿತರ ಮುಖ ಕೆಂಪಗಾಯಿತು. "ಬರ್ರಿ, ನಿಮ್ಮ ರುಮಾಲು ತೆಗೆದು ನನ್ನ ಟೊಪಿಗಿ ಇಟಗೊಳ್ರಿ. ನೀವು ಕನ್ನಡ ಪಂಡಿತರು ಆಗ್ತೀರೇನು ನೋಡೂಣು!" ಎಂದು ಅವರ ಮೇಲೇ ಎರಗಿದರು. ಆ ವಾರವೆಲ್ಲ ಇಬ್ಬರೂ ಮಾತಾಡಲಿಲ್ಲ. ಅಷ್ಟರಲ್ಲಿ ಮನೆಯಲ್ಲಿ ತೆಲುಗಾಡುವ ಮಕ್ಕಳು ಆ ಪುಸ್ತಕಗಳನ್ನು ಓದಿ ಉಳಿದವರಿಗೆ ಕನ್ನಡದಲ್ಲಿ ಕಥೆ ಹೇಳಿ ಮುಗಿಸಿದ್ದರು.

ಹೆಡ್ಮಾಸ್ತರರು ಮತ್ತೆ ಬರೆದರು: "ತಮ್ಮ ಅಪ್ಪಣೆಯಂತೆ ತಲೆಕಟ್ಟು ತಿದ್ದಲಾಗಿದೆ. ಆದರೂ ಅರ್ಥ ತೆಲುಗಾಗಿಯೇ ಉಳಿದಿದೆ. ಮುಂದೇನು ಮಾಡಬೇಕೆಂದು ತಿಳಿಸುವುದು."

ಈ ಸಲ ಬೇಗ ಉತ್ತರ ಬಂತು, ಜೊತೆಗೆ ಇನ್ನೊಂದು ಪೆಟ್ಟಿಗೆ. ಅದರಲ್ಲಿಯೂ ಅವೇ ತೆಲುಗು ಪುಸ್ತಕಗಳು. ಮೇಲೊಂದು ಚೀಟಿ: "ತಿದ್ದುವ ಕೆಲಸ ಚೆನ್ನಾಗಿ ನಡೆದಿರುವುದು ತಿಳಿದು ಸಂತೋಷವಾಯಿತು. ಇನ್ನಷ್ಟು ಪ್ರತಿಗಳನ್ನು ಕಳಿಸಲಾಗಿದೆ."

೪. ಕಾರ್ಡು

ಸ್ವಾತಂತ್ರ್ಯ ಬಂದ ಮೇಲೆ ಸಿರುಗುಪ್ಪಕ್ಕೆ ಹೋದೆ. ನಾನಿದ್ದ ಮನೆಯ ಪಕ್ಕದಲ್ಲಿ ಐವತ್ತು ದಾಟಿದ ಒಬ್ಬ ವಿಧವೆ ಇದ್ದಳು. ಗದ್ದೆಯಲ್ಲಿ ನಾಟಿ ಹಚ್ಚುವ ಕೆಲಸ. ಒಂದು ಎಮ್ಮೆ, ಒಬ್ಬ ಮಗ. ಎಮ್ಮೆ ಮನೆಯಲ್ಲಿತ್ತು; ಮಗ ದಂಡಿಗೆ ಸೇರಿ ಎಲ್ಲೋ ಉತ್ತರದ ಕಡೆ ಇದ್ದ.

ಮಗನಿಂದ ಕಾರ್ಡು ಬಂದಾಗ ನನ್ನ ಹತ್ತಿರ ತಂದಳು. ಓದಿದೆ: "ನಾನು ಕ್ಷೇಮ. ನೀನು ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ಚಳಿ."

ಆಕೆ ಕಿವಿಗೆ ಕೈಯಿಟ್ಟುಕೊಂಡು ಕೂತೇ ಇದ್ದಳು. "ಮುಂದ?"

"ಅಷ್ಟೇ ಯಮ್ಮಾ."

"ಅಷ್ಟು ದೂರದಿಂದ ಬಂದದ್ದು ಇಷ್ಟೇನಾ?" ಎಂದಳು. ಮುಖ ಬಾಡಿಹೋಯಿತು.

ನನಗೇನನ್ನಿಸಿತೋ, ಕಾರ್ಡು ತಿರುವಿದೆ. ಆ ಕಡೆ ವಿಳಾಸ ಮಾತ್ರ ಇತ್ತು. ಅದನ್ನೇ ನೋಡಿಕೊಂಡು ಹೇಳಿದೆ: "ಇಲ್ಲೊಂದೀಟು ಐತಿ ನೋಡು. 'ಅವ್ವಾ, ಹೊತ್ತಿಗೆ ಸರಿಯಾಗಿ ಉಣ್ಣು. ಕೆಸರಿನಾಗ ಬಾಳ ಹೊತ್ತು ನಿಂದ್ರಬ್ಯಾಡ. ನಮ್ಮ ಎಮ್ಮಿ ಹೆಂಗೈತಿ?'"

ಮುಖ ಅರಳಿತು. ಅಲ್ಲಿಯೇ ಎಮ್ಮೆಯ ಯೋಗಕ್ಷೇಮ ಹೇಳಿ ಉತ್ತರ ಬರೆಸಿದಳು. ಬರೆಯದೆ ವಿಧಿಯಿರಲಿಲ್ಲ. ಮುಂದಿನ ಕಾರ್ಡಿನಲ್ಲಿ ಮಗ ಬರೆದ: "ಎಮ್ಮಿ ವಿಷಯ ನಾನು ಯಾವಾಗ ಕೇಳಿದ್ದೆ? ನಿನಗೆ ಆರಾಮ ಇಲ್ಲವೇನು?" ನಾನು ಓದಿದ್ದು: "ಎಮ್ಮಿ ಸುದ್ದಿ ಕೇಳಿ ಊರು ನೆನಪಾಗಿ ಕಣ್ಣಾಗ ನೀರು ಬಂತು."

ಹೀಗೆ ಎರಡು ವರ್ಷ ನಡೆಯಿತು. ಮಗ ಎರಡು ಸಾಲು ಬರೆಯುತ್ತಿದ್ದ, ನಾನು ಅರ್ಧ ತಾಸು ಓದುತ್ತಿದ್ದೆ.

ಆಮೇಲೆ ವಯಸ್ಕರಿಗೆ ಅಕ್ಷರ ಕಲಿಸಬೇಕೆಂದು ಹುಕುಂ ಬಂತು. ದಪ್ಪಕ್ಷರದ ಪುಸ್ತಕ, ಪಾಟಿ ಎಲ್ಲ ಕೊಟ್ಟರು. ಸಂಜೆ ಐದಕ್ಕೆ, ಶಾಲೆ ಬಿಟ್ಟ ಮೇಲೆ, ಹೆಣ್ಣುಮಕ್ಕಳ ತರಗತಿ. ಮೊದಲ ದಿನ ಎಲ್ಲರಿಗಿಂತ ಮುಂಚೆ ಬಂದು ಕೂತವಳು ಆಕೆಯೇ.

"ಮಗನ ಕಾರ್ಡು ನಾನ ಓದಬೇಕ್ರಿ. ನಿಮಗ ಎಷ್ಟು ದಿನ ತ್ರಾಸ ಕೊಡ್ಲಿ?"

"ನನಗೇನೂ ತ್ರಾಸಿಲ್ಲ ಯಮ್ಮಾ," ಎಂದೆ. ಮನಸ್ಸಿನಿಂದ ಹೇಳಿದ ಮಾತು.

ಕಲಿಯಲು ಬಂದವರ ತಲೆಗೆ ಏನೂ ಹತ್ತದಿರಲಿ ಎಂದು ಮಾಸ್ತರನಾಗಿ ನಾನು ಬೇಡಿಕೊಂಡದ್ದು ಅದೊಂದೇ ಸಲ. ಆಕೆಗೆ ಎಲ್ಲವೂ ಹತ್ತಿತು. ತಿಂಗಳಲ್ಲಿ ಅಕ್ಷರ, ಮುಂದಿನ ತಿಂಗಳಲ್ಲಿ ಕಾಗುಣಿತ. ಒತ್ತಕ್ಷರಕ್ಕೆ ಬಂದಾಗ ನಾನು, "ಇದು ಬಾಳ ಕಠಿಣ. ಮಳಿಗಾಲ ಮುಗೀಲಿ, ಸಾವಕಾಶ ಕಲಿಯೋಣ," ಎಂದೆ. ಎದುರುಮನೆಯಲ್ಲಿ ನಾಲ್ಕನೆಯ ತರಗತಿಗೆ ಹೋಗುವ ಹುಡುಗಿ ಇದ್ದಳು. ಅವಳ ಹತ್ತಿರ ಕೂತು ಆಕೆ ಎಂಟು ದಿನದಲ್ಲಿ ಒತ್ತಕ್ಷರವನ್ನೂ ಕಲಿತುಬಿಟ್ಟಳು.

ಒಂದು ಭಾನುವಾರ ಬೆಳಗ್ಗೆ ಕಾರ್ಡುಗಳ ಗಂಟು ತಂದು ನನ್ನ ಕಟ್ಟೆಯ ಮೇಲೆ ಬಿಚ್ಚಿದಳು. ಬೆರಳಿಟ್ಟು ಒಂದೊಂದನ್ನೇ ಓದಿದಳು. "ನಾ-ನು ಕ್ಷೇ-ಮ. ಇ-ಲ್ಲಿ ಚ-ಳಿ." ಬಿಸಿಲೇರಿತು. ನಾನು ಪಾಠ ಒಪ್ಪಿಸಲು ಬಾರದ ಹುಡುಗನ ಹಾಗೆ ಎದುರಿಗೆ ಕೂತಿದ್ದೆ.

"ಎಮ್ಮಿ ಹೆಂಗೈತಿ ಅಂತ ಕೇಳಿದ್ದು ಯಾರ್ರಿ?"

"ನಾನ ಯಮ್ಮಾ."

"ಕೆಸರಿನಾಗ ನಿಂದ್ರಬ್ಯಾಡ ಅಂದದ್ದು?"

"ಅದೂ ನಾನ."

ಆಕೆ ಬೈದಿದ್ದರೆ ಚೆನ್ನಾಗಿತ್ತು. ಗಂಟು ಕಟ್ಟಿಕೊಂಡು ಎದ್ದು ಹೋದಳು. ಅಂದಿನಿಂದ ತರಗತಿಗೆ ಬರಲಿಲ್ಲ. ಬಾವಿಯ ಹತ್ತಿರ ಎದುರಾದರೆ ಮುಖ ತಿರುಗಿಸುತ್ತಿದ್ದಳು. ಒಬ್ಬ ತಾಯಿಗೆ ಎರಡು ವರ್ಷ ಸುಳ್ಳು ಹೇಳಿದೆನಲ್ಲ ಎಂದು ನನಗೆ ಊಟ ರುಚಿಸದಾಯಿತು. ವರ್ಗಕ್ಕೆ ಅರ್ಜಿ ಬರೆದಿಟ್ಟೆ.

ಅರ್ಜಿ ಕಳಿಸುವ ಮುಂಚೆಯೇ ಮಗನ ಹೊಸ ಕಾರ್ಡು ಬಂತು. ಮಧ್ಯಾಹ್ನ ಬಾಗಿಲಲ್ಲಿ ನೆರಳು ಕಂಡಿತು. ನೋಡಿದರೆ ಆಕೆ. ಒಳಗೆ ಬಂದು, ಮೊದಲಿನ ಜಾಗದಲ್ಲೇ ಕೂತು, ಕಾರ್ಡನ್ನು ನನ್ನ ಮುಂದೆ ಹಿಡಿದಳು.

"ನಿನಗ ಈಗ ಓದಾಕ ಬರತೈತಲ್ಲ ಯಮ್ಮಾ?" ಎಂದೆ ಅಂಜುತ್ತ.

"ಬರತೈತ್ರಿ. ಮೂರು ಸಲ ಓದೀನಿ," ಎಂದು ಆಕೆ ಕಿವಿಗೆ ಕೈಯಿಟ್ಟುಕೊಂಡಳು. "ನಾ ಓದಿದ್ರೆ ಚಲೋ ಇಲ್ಲ. ಹಿಡೀರಿ, ನೀವೊಮ್ಮೆ ಓದ್ರಿ."